ತಂಗಿಯ ಓದಿನ ಸಾಲಕ್ಕೆ ಅಲೆದ ಐದು ತಿಂಗಳು

ಮೊನ್ನೆ ಅಂಗಡಿಯಲ್ಲಿ ಗಿರಾಕಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದಾಗ ಫೋನಿಗೆ ಮೆಸೇಜ್ ಬಂತು. ತಂಗಿಯ ಮೊದಲ ವರ್ಷದ ಫೀ ಹಣ ಬ್ಯಾಂಕಿನಿಂದ ಬಿಡುಗಡೆಯಾಗಿತ್ತು. ಸೀರೆ ಹಾಗೇ ಬಿಟ್ಟು ಹಿಂದಿನ ಗೋಡೌನಿಗೆ ಹೋಗಿ ಎರಡು ನಿಮಿಷ ಕೂತೆ. ಜೂನ್‌ನಲ್ಲಿ ಶುರುವಾದ ಓಡಾಟ ಅಕ್ಟೋಬರ್ ಕೊನೆಗೆ ಮುಗಿದಿತ್ತು.

ನಮ್ಮದು ಅಂಕೋಲಾ ಹತ್ತಿರದ ಬೇಲೆಕೇರಿ. ಅಪ್ಪ ಮೀನಿನ ಟೆಂಪೋ ಓಡಿಸುತ್ತಾರೆ. ಗಾಡಿ ಬೇರೆಯವರದು. ಆಯಿ, ಅಂದರೆ ಅಮ್ಮ, ಒಣಮೀನು ಮಾರುತ್ತಾರೆ. ನಾನು ಅಂಕೋಲಾದ ಬಟ್ಟೆ ಅಂಗಡಿಯಲ್ಲಿದ್ದೇನೆ, ತಿಂಗಳಿಗೆ 9,500 ಸಂಬಳ. ಮನೆಯಲ್ಲಿ ಫಾರಂ ಓದಿ ತುಂಬಲು ಬರುವವಳು ನಾನೊಬ್ಬಳೇ. ಹಾಗಾಗಿ ತಂಗಿಯ ಇಂಜಿನಿಯರಿಂಗ್ ಸೀಟಿನ ಕೆಲಸವೆಲ್ಲ ನನ್ನ ತಲೆಗೇ ಬಂತು. ಜೂನ್‌ನಲ್ಲಿ ನನಗೆ ಏನೂ ಗೊತ್ತಿರಲಿಲ್ಲ. ಯಾವುದನ್ನು ಮೊದಲು ಮಾಡಬೇಕಿತ್ತು, ಎಲ್ಲಿ ಸುಮ್ನೆ ದಿನ ಹಾಳಾಯಿತು ಅನ್ನೋದು ಈಗ ಗೊತ್ತು. ಮುಂದಿನ ಜೂನ್‌ನಲ್ಲಿ ಇದೇ ದಾರಿ ಹಿಡಿಯುವ ಮನೆಗಳಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಕರಾವಳಿಯಲ್ಲಿ ಹುಟ್ಟಿದವರಿಗೆ ಒಂದು ವಿಷಯ ಹೇಳಬೇಕಾಗಿಯೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬೋಟಿಲ್ಲ ಅಂದರೆ ಮೀನಿಲ್ಲ. ಮೀನಿಲ್ಲ ಅಂದರೆ ಟೆಂಪೋ ನಿಲ್ಲುತ್ತದೆ, ಐಸ್ ಫ್ಯಾಕ್ಟರಿ ನಿಲ್ಲುತ್ತದೆ, ಆಯಿಯ ಒಣಮೀನಿನ ಚಾಪೆಯೂ ಮಳೆಗೆ ಒಳಗೆ ಬರುತ್ತದೆ. ನೂಲಹುಣ್ಣಿಮೆಗೆ ಕಡಲಿಗೆ ಪೂಜೆ ಕೊಟ್ಟ ಮೇಲೆ ಮನೆಗೆ ದುಡ್ಡು ಬರಲು ಶುರು. ಕಾಲೇಜು, ಸಿಇಟಿ, ಸರ್ಟಿಫಿಕೇಟು, ಫೀ ಎಲ್ಲ ಬರುವುದೂ ಇದೇ ತಿಂಗಳುಗಳಲ್ಲಿ. ಬೋಟು ದಡಕ್ಕೆ ಎಳೆದಿಟ್ಟ ಕಾಲವೂ ಫೀ ಕಟ್ಟುವ ಕಾಲವೂ ಒಂದೇ. ನಮ್ಮ ಕಡೆ ಎಷ್ಟೋ ಮಕ್ಕಳ ಓದು ನಿಂತದ್ದು ಮಾರ್ಕ್ಸ್ ಕಡಿಮೆ ಬಿದ್ದು ಅಲ್ಲ, ಆ ಎರಡು ತಿಂಗಳು ಕೈ ಖಾಲಿ ಇದ್ದದ್ದಕ್ಕೆ.

ಅದರ ಮೇಲೆ ಹಿಂದಿನ ವರ್ಷದ ಪೆಟ್ಟು ಬೇರೆ ಇತ್ತು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಕುಮಟಾ ಕಡೆಯ ದಾರಿ ಹೋಯಿತು. ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಗೋವಾ ಕಡೆಯ ದಾರಿಯೂ ಇಕ್ಕಟ್ಟಾಯಿತು. ಮೀನು ಸಾಗಿಸುವವನಿಗೆ ತೆಂಕು ಬಡಗು ಎರಡೂ ಕಡೆ ಒಂದೇ ತಿಂಗಳಲ್ಲಿ ಅಡ್ಡಿಯಾದರೆ ಏನಾಗಬೇಡ? ತಂಗಿಯ ಓದಿಗೆಂದು ಆಯಿ ಕೂಡಿಟ್ಟ 38 ಸಾವಿರ ಆ ಮಳೆಗಾಲದಲ್ಲೇ ಮನೆ ಖರ್ಚಿಗೆ ಹೋಯಿತು. ಯಾರ ಜೀವಕ್ಕೂ ಏನೂ ಆಗಲಿಲ್ಲವಲ್ಲ ಎಂದು ನಾವು ಸಮಾಧಾನ ಮಾಡಿಕೊಂಡೆವು. ಶಿರೂರಿನಲ್ಲಿ ಮನೆಯವರನ್ನೇ ಕಳೆದುಕೊಂಡವರ ಮುಂದೆ ನಮ್ಮದು ದೊಡ್ಡ ಮಾತಲ್ಲ.

ಈ ವರ್ಷ ಮೇ ಕೊನೆಗೆ ಸಿಇಟಿ ಫಲಿತಾಂಶ ಬಂತು. ತಂಗಿಗೆ ಒಳ್ಳೆಯ ರ್‍ಯಾಂಕ್. ಮನೆಯಲ್ಲಿ ಪಾಯಸ ಮಾಡಿದರು. ಆದರೆ ಮುಂದೇನು ಎಂದು ಯಾರೂ ಬಾಯಿ ಬಿಡಲಿಲ್ಲ. ಅಪ್ಪ ಊಟ ಮಾಡುತ್ತಾ ಒಂದೇ ಮಾತು ಹೇಳಿದರು. "ಇಲ್ಲೇ ಹತ್ತಿರ ಡಿಗ್ರಿ ಮಾಡಿದ್ರೂ ಅಡ್ಡಿಲ್ಲ ಅಲ್ವಾ?" ತಂಗಿ ತಲೆಯಾಡಿಸಿದಳು. ಅವಳು ಅಷ್ಟು ಬೇಗ ಒಪ್ಪಿದ್ದು ನನಗೆ ಸರಿ ಕಾಣಲಿಲ್ಲ.

ಎರಡು ದಿನ ಬಿಟ್ಟು ಅವಳ ನೋಟ್‌ಬುಕ್ ನೋಡಿದೆ. ಕಾಲೇಜುಗಳ ಪಟ್ಟಿ ಬರೆದಿದ್ದಳು. ನಡುವೆ ಗೆರೆ. ಎಡಗಡೆ "ಬೇಕಾದದ್ದು", ಬಲಗಡೆ "ಆಗುವಂಥದ್ದು". ಎಡಗಡೆ ಹುಬ್ಬಳ್ಳಿಯ ಒಂದು ಕಾಲೇಜಿನ ಕಂಪ್ಯೂಟರ್ ಸೈನ್ಸ್ ಮೊದಲನೆಯದು. ಬಲಗಡೆ ಅದು ಇರಲೇ ಇಲ್ಲ. ಎಲ್ಲದರ ಮುಂದೆ ಫೀ ಬರೆದು, ಕಡಿಮೆಯಿಂದ ಜಾಸ್ತಿಗೆ ಜೋಡಿಸಿದ್ದಳು. ಯಾರೂ ಅವಳಿಗೆ ಬೇಡ ಎಂದಿರಲಿಲ್ಲ. ಹದಿನೆಂಟು ವರ್ಷದ ಹುಡುಗಿ ತಾನೇ ತನಗೆ ಬೇಡ ಎಂದುಕೊಂಡಿದ್ದಳು. ನಾನೂ 2019ರಲ್ಲಿ ಹೀಗೇ ಮಾಡಿದ್ದೆ. ಪಿಯುಸಿ ಸೈನ್ಸ್ ಮುಗಿದಿತ್ತು, ನರ್ಸಿಂಗ್ ಮಾಡುವ ಆಸೆ ಇತ್ತು. ಗಂಗಾವಳಿ ಉಕ್ಕಿ ಹರಿದ ವರ್ಷ ಅದು. ಕಾಲೇಜಿಗೆ ಫೋನ್ ಮಾಡಿ ಫೀ ಎಷ್ಟು ಎಂದು ಕೇಳಿದೆ. ಮನೆಯಲ್ಲಿ ಹೇಳಲೇ ಇಲ್ಲ. ಅಪ್ಪ "ಆಗುದಿಲ್ಲ" ಅಂದರೆ ಅವರಿಗೆ ನೋವಾಗುತ್ತದೆ ಎಂದು ಮೊದಲೇ ಸುಮ್ಮನಾದೆ.

ಕಷ್ಟದ ಮನೆಯ ಮಕ್ಕಳಿಗೆ ಆಸೆ ಕಡಿಮೆ ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ಕೇಳುವ ಮೊದಲೇ ಅಪ್ಪ ಆಯಿಯ ಮುಖ ನೋಡಿ ಆಸೆಯನ್ನು ಅಳತೆಗೆ ಕತ್ತರಿಸಿಕೊಳ್ಳುವುದನ್ನು ಅವರು ಕಲಿತಿರುತ್ತಾರೆ. ನೋಟ್‌ಬುಕ್ ತೆಗೆದುಕೊಂಡು ಹೋಗಿ ಅಪ್ಪನಿಗೆ ತೋರಿಸಿದೆ. ಅವರು ತುಂಬಾ ಹೊತ್ತು ನೋಡಿದರು. "ಎಡಗಡೆದು ಬರಿ. ದುಡ್ಡು ನೋಡ್ವ" ಅಂದರು. ನೋಡುವುದು ಹೇಗೆ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಆಪ್ಷನ್ ಎಂಟ್ರಿ, ಅಂದರೆ ಸಿಇಟಿ ಸೀಟಿಗೆ ಬೇಕಾದ ಕಾಲೇಜುಗಳ ಪಟ್ಟಿ ತುಂಬುವವರಿಗೆ ಇಲ್ಲೇ ಒಂದು ಮಾತು. ಬೇಕಾದದ್ದನ್ನೇ ಮೇಲೆ ಹಾಕಿ, ಫೀ ನೋಡಿ ಜೋಡಿಸಬೇಡಿ. ನಿಮ್ಮ ರ್‍ಯಾಂಕಿಗೆ ಪಟ್ಟಿಯಲ್ಲಿ ಮೇಲಿನಿಂದ ಯಾವುದು ಮೊದಲು ಸಿಗುತ್ತದೋ ಅದನ್ನೇ ಕೊಡುತ್ತಾರೆ, ಕೆಳಗಿನವು ಬಿದ್ದುಹೋಗುತ್ತವೆ. ಅಗ್ಗದ್ದನ್ನು ಮೇಲೆ ಹಾಕಿದರೆ ಅದೇ ಗತಿ. ನಿಜವಾದ ಹಂಚಿಕೆಗೆ ಮೊದಲು ಪ್ರಯೋಗಕ್ಕೆಂದು ಮಾಡುವ ಅಣಕು ಹಂಚಿಕೆ ಬಂದ ಮೇಲೆ ಬದಲಿಸಲು ಅವಕಾಶ ಇರುತ್ತದೆ. ಸೀಟು ಸಿಕ್ಕ ಮೇಲೂ ಛಾಯ್ಸ್ ಇದೆ. ಒಂದನೆಯದು ಅಂದರೆ ಒಪ್ಪಿ ಸೇರುವುದು. ಎರಡನೆಯದು ಅಂದರೆ ಇದನ್ನು ಇಟ್ಟುಕೊಂಡು ಮುಂದಿನ ಸುತ್ತಿನಲ್ಲಿ ಮೇಲಿನದಕ್ಕೆ ಕಾಯುವುದು. ಮೂರು ಒತ್ತಿದರೆ ಕೈಯಲ್ಲಿದ್ದ ಸೀಟು ಹೋಗುತ್ತದೆ, ಮುಂದಿನ ಸುತ್ತಿಗೆ ಮಾತ್ರ ಇರುತ್ತೀರಿ. ನಾಲ್ಕು ಒತ್ತಿದರೆ ಎಲ್ಲವೂ ಮುಗಿಯಿತು. ನಮ್ಮ ಪರಿಚಯದ ಹುಡುಗನೊಬ್ಬ ಗಡಿಬಿಡಿಯಲ್ಲಿ ಮೂರು ಒತ್ತಿ ಅತ್ತದ್ದನ್ನು ಕಣ್ಣಾರೆ ನೋಡಿದ್ದೇನೆ.

ಸರ್ಟಿಫಿಕೇಟಿನ ಕೆಲಸ ಜೂನ್ ಮೊದಲ ವಾರವೇ ಶುರು ಮಾಡಿದ್ದೆ. ಅದೊಂದು ಸರಿಯಾಗಿ ಮಾಡಿದೆ ಎಂದು ಈಗ ಅನಿಸುತ್ತದೆ. ಜಾತಿ ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಅದರ ಮೇಲಿನ ಆರ್‌ಡಿ ನಂಬರೇ ಎಲ್ಲ ಕಡೆ ಕೇಳುವುದು. ಸಿಇಟಿಗೂ ಅದೇ, ಸ್ಕಾಲರ್‌ಶಿಪ್ಪಿಗೂ ಅದೇ. ಹೆಸರಿನ ಅಕ್ಷರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಇದೆಯಾ ನೋಡಿ. ತಂಗಿಯದರಲ್ಲಿ ಇನಿಶಿಯಲ್ ಹೆಸರಿನ ಹಿಂದೆ ಹೋಗಿತ್ತು. ಸರಿ ಮಾಡಿಸಲು ಒಂಬತ್ತು ದಿನ ಹಿಡಿಯಿತು. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದವರು ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ಬಿಡಬೇಡಿ. ಅದು ರ್‍ಯಾಂಕಿನಷ್ಟೇ ಕೆಲಸ ಮಾಡುತ್ತದೆ.

ಆದಾಯ ವಿಚಾರಿಸಲು ಗ್ರಾಮ ಆಡಳಿತ ಅಧಿಕಾರಿ ಮನೆಗೆ ಬಂದರು. ಒಳ್ಳೆಯ ಮನುಷ್ಯ. ತಿಂಗಳಿಗೆ ಎಷ್ಟು ಬರುತ್ತದೆ ಎಂದು ಕೇಳಿದರು. ಅಪ್ಪನಿಗೆ ಉತ್ತರ ಬರಲಿಲ್ಲ. ಸೀಸನ್ನಿನಲ್ಲಿ ಒಂದು ವಾರ ನಾಲ್ಕು ಸಾವಿರ ಬಂದರೆ ಇನ್ನೊಂದು ವಾರ ಐನೂರೂ ಇಲ್ಲ. ಮಳೆಗಾಲದಲ್ಲಿ ಸೊನ್ನೆ. ಅದಕ್ಕೆ ತಿಂಗಳ ಲೆಕ್ಕ ಎಲ್ಲಿಂದ ಕೊಡುವುದು? ಕೊನೆಗೆ ವರ್ಷಕ್ಕೆ 1 ಲಕ್ಷ 30 ಸಾವಿರ ಎಂದು ಬಂತು. ಆಗ ಅದೊಂದು ಸಂಖ್ಯೆ ಅಷ್ಟೇ ಅನಿಸಿತ್ತು. ಆಮೇಲೆ ಆ ಸಂಖ್ಯೆ ಎಲ್ಲಾ ಕಡೆ ನಮಗಿಂತ ಮೊದಲು ಹೋಗಿ ಕೂತಿರುತ್ತಿತ್ತು. ಒಂದು ಯೋಜನೆಯಲ್ಲಿ ನಮ್ಮ ಪ್ರವರ್ಗಕ್ಕೆ ಇಟ್ಟ ಮಿತಿಗಿಂತ ಜಾಸ್ತಿ ಆಯಿತು. ಬ್ಯಾಂಕಿನಲ್ಲಿ ಅದೇ ಸಂಖ್ಯೆ ನೋಡಿ, ಇಷ್ಟು ಕಡಿಮೆ ಆದಾಯದಲ್ಲಿ ಹೇಗೆ ತೀರಿಸುತ್ತೀರಿ ಎಂದರು. ಒಂದು ಕಿಟಕಿಯಲ್ಲಿ ಬಡವರೆಂದು ತೋರಿಸಬೇಕು, ಮುಂದಿನ ಕಿಟಕಿಯಲ್ಲಿ ಬಡವರಲ್ಲ ಎಂದು ತೋರಿಸಬೇಕು. ಆ ಎರಡರ ನಡುವೆ ಅಪ್ಪ ಕುಗ್ಗಿ ಹೋದದ್ದನ್ನು ನಾನು ನೋಡಿದೆ.

ಆಗಸ್ಟ್‌ನಲ್ಲಿ ಸೀಟು ಹಂಚಿಕೆ ಬಂತು. ಹುಬ್ಬಳ್ಳಿಯ ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಕಂಪ್ಯೂಟರ್ ಸೈನ್ಸ್. ಎಡಗಡೆಯ ಪಟ್ಟಿಯ ಮೊದಲನೆಯದೇ! ತಂಗಿ ಅಂಗಡಿಗೆ ಫೋನ್ ಮಾಡಿ ಮಾತಾಡಲಾಗದೆ ಬರೀ ಅಳುತ್ತಿದ್ದಳು. ಫೀ ಮತ್ತು ಕಾಲೇಜಿನ ಇತರೆ ಖರ್ಚು ಸೇರಿ ವರ್ಷಕ್ಕೆ ಸುಮಾರು 90 ಸಾವಿರ. ಕಟ್ಟಲು ಕೆಲವೇ ದಿನ ಸಮಯ.

ಬ್ಯಾಂಕಿಗೆ ಓಡಿದೆ. ಸಾಲ ಆಗಲು ಕಡಿಮೆ ಎಂದರೂ ಮೂರು ನಾಲ್ಕು ವಾರ ಬೇಕು, ಅಡ್ಮಿಷನ್ ಆರ್ಡರ್ ಇಲ್ಲದೆ ಅರ್ಜಿಯನ್ನೇ ನೋಡುವುದಿಲ್ಲ ಎಂದರು. ಫೀ ಕಟ್ಟದೆ ಅಡ್ಮಿಷನ್ ಆರ್ಡರ್ ಬರುವುದಿಲ್ಲ. ಸಾಲ ಸಿಗದೆ ಫೀ ಕಟ್ಟಲು ದುಡ್ಡಿಲ್ಲ. ಇದು ನನಗೆ ಮೊದಲು ಗೊತ್ತಿರಲಿಲ್ಲ. ಸಾಲ ಮಾಡಿ ಓದಿಸುತ್ತೇವೆ ಎಂದುಕೊಂಡವರು ಮೊದಲ ಕಂತಿನ ಹಣವನ್ನು ಬೇರೆ ಕಡೆಯಿಂದ ಹೊಂದಿಸಿಕೊಳ್ಳಲೇಬೇಕು.

ಆಯಿ ಒಳಗೆ ಹೋಗಿ ಕೈಯಲ್ಲಿದ್ದ ಎರಡು ಬಳೆ ಸಾಬೂನು ಹಚ್ಚಿ ತೆಗೆದು ತಂದು ಕೊಟ್ಟರು. ಮದುವೆಯಲ್ಲಿ ಅಜ್ಜಿ ಹಾಕಿದ ಬಳೆ. ನನ್ನ ಮದುವೆಗೆಂದು ಇಟ್ಟದ್ದು ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ. ಸೊಸೈಟಿಯಲ್ಲಿ ಅಡವಿಟ್ಟು 95 ಸಾವಿರ ತಂದೆವು. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ, ಅಂದರೆ ತಿಂಗಳಿಗೆ 950. ಚಲನ್ ಕಟ್ಟಿ, ಹುಬ್ಬಳ್ಳಿಗೆ ಹೋಗಿ ಮೂಲ ದಾಖಲೆ ಕೊಟ್ಟು ಸೇರಿಸಿ ಬಂದೆವು. ಮೂಲ ದಾಖಲೆ ಕೊಡುವ ಮೊದಲು ಎಲ್ಲದರ ಐದೈದು ಜೆರಾಕ್ಸ್ ಮತ್ತು ಫೋನಿನಲ್ಲಿ ಸ್ಪಷ್ಟವಾದ ಸ್ಕ್ಯಾನ್ ಇಟ್ಟುಕೊಳ್ಳಿ. ಕಾಲೇಜಿನಲ್ಲಿ ಮೂರು ಕಾಗದ ಕೇಳಿ ತನ್ನಿ: ನಾಲ್ಕೂ ವರ್ಷದ ಫೀ ವಿವರ, ಬೋನಾಫೈಡ್ (ಅಲ್ಲೇ ಓದುತ್ತಿದ್ದಾಳೆ ಎಂಬ ಪತ್ರ), ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇರುವ ಪತ್ರ (ಇವೆರಡೂ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಸಂಸ್ಥೆಗಳು). ಮೂರನೆಯದು ಯಾಕೆ ಬೇಕು ಎಂದು ಮುಂದೆ ಹೇಳುತ್ತೇನೆ. ನಾನು ಅದನ್ನು ತಂದಿರಲಿಲ್ಲ. ಅದೊಂದಕ್ಕೇ ಅರಬೈಲ್ ಘಟ್ಟ ಹತ್ತಿ ಮತ್ತೆ ಹುಬ್ಬಳ್ಳಿಗೆ ಹೋಗಬೇಕಾಯಿತು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ ಇರದಿದ್ದರೆ ಟಿಕೆಟ್ಟಿಗೇ ನನ್ನ ಸಂಬಳದ ಒಂದು ಪಾಲು ಹೋಗುತ್ತಿತ್ತು. ಕಾರವಾರಕ್ಕೆ ಏಳು ಸಲ, ಹುಬ್ಬಳ್ಳಿಗೆ ಮೂರು ಸಲ ಹೋಗಿದ್ದೇನೆ.

ಇನ್ನು ಸಾಲದ ಮಾತು. ಮೊದಲು ಶಿಕ್ಷಣ ಸಾಲಕ್ಕೆಂದೇ ಇರುವ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಅವರ ಪಟ್ಟಿಯಲ್ಲಿರುವ ಕಾಲೇಜುಗಳಿಗೆ ಮಾತ್ರ. ನಮ್ಮದು ಅದರಲ್ಲಿ ಇರಲಿಲ್ಲ. ಅದರಿಂದ ಹೆದರಬೇಡಿ. ಬ್ಯಾಂಕುಗಳ ಮಾಮೂಲಿ ಮಾದರಿ ಶಿಕ್ಷಣ ಸಾಲ ಇದ್ದೇ ಇದೆ. ಅದರಲ್ಲಿ 4 ಲಕ್ಷದವರೆಗೆ ಆಸ್ತಿ ಅಡವು ಬೇಡ, ನಾವು ಕೈಯಿಂದ ಪಾಲು ಹಾಕುವುದೂ ಬೇಡ. 4 ಲಕ್ಷ ದಾಟಿದರೆ ಶೇಕಡ 5 ನಮ್ಮ ಪಾಲು ಬರುತ್ತದೆ. ಇದನ್ನು ತಿಳಿದ ಮೇಲೆ ನಾವು ಲೆಕ್ಕವನ್ನು 4 ಲಕ್ಷಕ್ಕೇ ನಿಲ್ಲಿಸಿದೆವು. ನಾಲ್ಕು ವರ್ಷದ ಫೀ 3 ಲಕ್ಷ 60 ಸಾವಿರ, ಲ್ಯಾಪ್‌ಟಾಪ್‌ಗೆ 40 ಸಾವಿರ. ಊಟ, ವಸತಿಗೆ ಬೇರೆ ದಾರಿ ಹುಡುಕುವುದು ಎಂದು ತೀರ್ಮಾನಿಸಿದೆವು.

ಊರಿನ ಹತ್ತಿರದ ಶಾಖೆಯಲ್ಲಿ, ಕಾಲೇಜು ಇರುವ ಊರಿನ ಶಾಖೆಗೆ ಹೋಗಿ ಎಂದರು. ಹುಬ್ಬಳ್ಳಿಯ ಶಾಖೆಯಲ್ಲಿ, ಅಪ್ಪ ಅಮ್ಮ ಇರುವ ಊರಲ್ಲೇ ಮಾಡಿಸಿ ಎಂದರು. ಹೀಗೆ ಎರಡು ವಾರ ಹೋಯಿತು. ಮೂರನೇ ಸಲ ಹೋದಾಗ ಅರ್ಜಿ ತೆಗೆದುಕೊಂಡರು. ಮೇಲೆ ಸೀಲು ಹಾಕಿಸಿ ಒಂದು ಪ್ರತಿ ಇಟ್ಟುಕೊಂಡೆ. ಇದು ಬಹಳ ಮುಖ್ಯ. ಬಾಯಿ ಮಾತಿನಲ್ಲಿ ಅರ್ಜಿ ಕೊಟ್ಟದ್ದಕ್ಕೆ ತಾರೀಕು ಇರುವುದಿಲ್ಲ.

ಹನ್ನೆರಡು ದಿನ ಬಿಟ್ಟು ಕರೆದರು. ಅಪ್ಪನನ್ನೂ ಕರೆದುಕೊಂಡು ಹೋದೆ. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಅಧಿಕಾರಿ ಕಂಪ್ಯೂಟರ್ ನೋಡುತ್ತಲೇ, "ನಿಮ್ಮ ಸಿಬಿಲ್ ಸ್ಕೋರ್ ಬಹಳ ಕಡಿಮೆ ಇದೆ, ಸಾಲ ಆಗೋದಿಲ್ಲ" ಎಂದರು. ಹಿಂದಿನ ಸಾಲಗಳನ್ನು ಸರಿಯಾಗಿ ತೀರಿಸಿದ್ದಾರಾ ಎಂದು ನೋಡಿ ಕೊಡುವ ಅಂಕ ಅದು. ಅಪ್ಪನಿಗೆ ಆ ಶಬ್ದವೇ ಹೊಸತು. "ನಾನು ಯಾವ ಬ್ಯಾಂಕಿಂದನೂ ಸಾಲ ತಗಂಡವ್ನೇ ಅಲ್ಲ, ಸಾರ್" ಎಂದರು. ನಿಜ, ಅವರು ತೆಗೆದುಕೊಂಡಿರಲಿಲ್ಲ. ಏಳು ವರ್ಷದ ಹಿಂದೆ ಗೆಳೆಯನೊಬ್ಬನ ಟೆಂಪೋ ಸಾಲಕ್ಕೆ ಜಾಮೀನು ಹಾಕಿದ್ದರು. ಆ ಗೆಳೆಯ ಕಂತು ಕಟ್ಟದೆ ಗಾಡಿ ಬಿಟ್ಟು ಊರು ಬಿಟ್ಟಿದ್ದ. ಆ ಬಾಕಿ ಅಪ್ಪನ ಹೆಸರಿನ ಮೇಲೂ ಕೂತಿತ್ತು.

ಬಸ್ಸಿನಲ್ಲಿ ಬರುವಾಗ ಅಪ್ಪ ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. ಮನೆಗೆ ಬಂದು ಊಟ ಮಾಡಲಿಲ್ಲ. ರಾತ್ರಿ ಜಗಲಿಯಲ್ಲಿ ಕೂತು, "ನನ್ನಿಂದ ಆಯ್ತು" ಎಂದರು. ತಂಗಿ ಹುಬ್ಬಳ್ಳಿಯಿಂದ ಫೋನ್ ಮಾಡಿ, "ಅಕ್ಕ, ನಾ ವಾಪಸ್ ಬರ್ತೆ, ಬಳೆ ಬಿಡ್ಸ್ಕಳ್ಳಿ" ಅಂದಳು. ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಬ್ಯಾಂಕಿನ ಮೇಲೂ ಅಲ್ಲ. ಒಂದು ಸಹಿ ಹಾಕಿದ್ದಕ್ಕೆ ಒಬ್ಬ ಮನುಷ್ಯ ಮಗಳ ಮುಂದೆ ತಲೆ ತಗ್ಗಿಸಬೇಕಾಯಿತಲ್ಲ ಎಂದು. ಗೆಳೆಯನಿಗೆ ಸಹಾಯ ಮಾಡಿದ್ದು ತಪ್ಪಾ? ನಮ್ಮಂಥವರಿಗೆ ಜಾಮೀನು ಹಾಕಲು ನಮ್ಮಂಥವರೇ ತಾನೇ ಇರುವುದು.

ಮಕ್ಕಳು ಪಿಯುಸಿಯಲ್ಲಿ ಇರುವಾಗಲೇ ಅಪ್ಪ ಅಮ್ಮನ ಸಿಬಿಲ್ ವರದಿ ತೆಗೆದು ನೋಡಿ. ಸಿಬಿಲ್‌ನಂತೆ ಸಾಲದ ಲೆಕ್ಕ ಇಡುವ ಪ್ರತಿ ಕ್ರೆಡಿಟ್ ಬ್ಯೂರೋ ವರ್ಷಕ್ಕೆ ಒಂದು ಪೂರ್ತಿ ವರದಿ ಉಚಿತ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮ ಇದೆ. ನೂರು, ಇನ್ನೂರು ಕೊಟ್ಟು ಯಾರ ಹತ್ತಿರವೂ ತೆಗೆಸಬೇಕಾಗಿಲ್ಲ. ಜಾಮೀನು ಹಾಕಿದ ಹಳೇ ಸಾಲ, ಮುಗಿಸಿದರೂ ಮುಗಿದಿಲ್ಲ ಎಂದು ತೋರಿಸುವ ಸಾಲ ಇದ್ದರೆ ಸರಿ ಮಾಡಿಸಲು ತಿಂಗಳುಗಳೇ ಬೇಕು. ಆಗಸ್ಟ್‌ನಲ್ಲಿ ಗೊತ್ತಾದರೆ ಏನೂ ಮಾಡಲಾಗುವುದಿಲ್ಲ.

ದಾರಿ ಹೇಳಿದವರು ಕಾರವಾರದಲ್ಲಿ ಸಿಕ್ಕ ಒಬ್ಬರು ನಿವೃತ್ತ ಬ್ಯಾಂಕ್ ನೌಕರರು. ನಮ್ಮ ಅಂಗಡಿ ಮಾಲೀಕರ ಪರಿಚಯದವರು. ಕಾಗದಗಳನ್ನೆಲ್ಲ ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ. "ಸಹ ಅರ್ಜಿದಾರ ಅಪ್ಪನೇ ಆಗ್ಬೇಕು ಅಂತ ಯಾರು ಹೇಳ್ದ್ರಮ್ಮ? ತಾಯಿ ಇಲ್ವಾ?" ಯಾರೂ ಹೇಳಿರಲಿಲ್ಲ. ನಾವೇ ಅಂದುಕೊಂಡಿದ್ದೆವು. ಅವರು ಇನ್ನೂ ಕೆಲವು ವಿಷಯ ಹೇಳಿದರು. ಮಾದರಿ ಯೋಜನೆಯ ಪ್ರಕಾರ ಅರ್ಜಿಯನ್ನು 15 ದಿನದಿಂದ ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ತಿರಸ್ಕರಿಸುವುದಾದರೆ ಮೇಲಿನ ಅಧಿಕಾರಿಯ ಒಪ್ಪಿಗೆ ಪಡೆದು, ಕಾರಣವನ್ನು ವಿದ್ಯಾರ್ಥಿಗೆ ತಿಳಿಸಬೇಕು. ಈ ಸಾಲ ಕೊಡುವಾಗ ನೋಡಬೇಕಾದ್ದು ಓದಿದ ಮೇಲೆ ವಿದ್ಯಾರ್ಥಿ ದುಡಿಯುವ ಸಂಬಳವನ್ನು. ಆಗದಿದ್ದರೆ ಜಿಲ್ಲೆಯ ಬ್ಯಾಂಕುಗಳ ಕೆಲಸ ನೋಡಿಕೊಳ್ಳುವ, ಕಾರವಾರದಲ್ಲಿರುವ ಜಿಲ್ಲಾ ಲೀಡ್ ಬ್ಯಾಂಕ್ ಮ್ಯಾನೇಜರ್ ಕಚೇರಿಗೆ ಬರೆದು ಕೊಡಿ ಎಂದರು. ಕೊನೆಗೆ ಆ ಕಚೇರಿಗೆ ಹೋಗುವ ಪ್ರಸಂಗ ಬರಲಿಲ್ಲ. ಆದರೆ ಹೋಗಲು ಒಂದು ಬಾಗಿಲು ಇದೆ ಎಂದು ಗೊತ್ತಾದ ಮೇಲೆ ಬ್ಯಾಂಕಿನ ಮೆಟ್ಟಿಲು ಹತ್ತುವಾಗ ನನ್ನ ಕಾಲು ನಡುಗಲಿಲ್ಲ.

ಆಯಿಗೆ ಪ್ಯಾನ್ ಕಾರ್ಡ್ ಇರಲಿಲ್ಲ. ಆಧಾರ್ ಇದ್ದರೆ ಆದಾಯ ತೆರಿಗೆ ಇಲಾಖೆಯ ಸೈಟಿನಲ್ಲಿ ಇ-ಪ್ಯಾನ್ ದುಡ್ಡಿಲ್ಲದೆ ಆಗುತ್ತದೆ. ಆದರೆ ಆಧಾರಿಗೆ ಮೊಬೈಲ್ ನಂಬರ್ ಜೋಡಣೆಯಾಗಿರಬೇಕು, ಪೂರ್ತಿ ಹುಟ್ಟಿದ ತಾರೀಕು ಇರಬೇಕು. ಹಳೇ ಆಧಾರುಗಳಲ್ಲಿ ಬರೀ ಇಸವಿ ಇರುತ್ತದೆ. ಆಯಿಯದರಲ್ಲಿ ತಾರೀಕು ಇತ್ತು, ನಂಬರ್ ಇರಲಿಲ್ಲ. ಆಧಾರ್ ಕೇಂದ್ರದಲ್ಲಿ ಬೆಳಿಗ್ಗೆ ಏಳಕ್ಕೆ ಸಾಲು ನಿಂತು, 50 ರೂಪಾಯಿ ಕೊಟ್ಟು ನಂಬರ್ ಸೇರಿಸಿದೆವು. ಒಣಮೀನು ಮಾರಿ, ಉಪ್ಪು ಹಿಡಿದು ಆಯಿಯ ಬೆರಳಿನ ಗೆರೆ ಸವೆದಿತ್ತು. ಯಂತ್ರ ನಾಲ್ಕು ಸಲ ಹಿಡಿಯಲಿಲ್ಲ. ಐದನೇ ಸಲ ಕೈಗೆ ಸ್ವಲ್ಪ ಎಣ್ಣೆ ಹಚ್ಚಿ ಒರೆಸಿದ ಮೇಲೆ ಹಿಡಿಯಿತು. ಕೈ ಕೆಲಸ ಮಾಡುವ ಅಮ್ಮಂದಿರನ್ನು ಕರೆದುಕೊಂಡು ಹೋಗುವವರು ಒಂದು ದಿನ ಜಾಸ್ತಿ ಇಟ್ಟುಕೊಂಡು ಹೋಗಿ.

ಆಯಿಯ ಸಿಬಿಲ್ ವರದಿ ತೆಗೆಯುವಾಗ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಅವರು ಮೂರು ಸಲ ಮೈಕ್ರೋಫೈನಾನ್ಸ್ ಸಾಲ ತೆಗೆದುಕೊಂಡಿದ್ದರು. ಪುಟ ತೆರೆದರೆ 750ರ ಹತ್ತಿರ! ಒಂದೂ ಕಂತು ತಪ್ಪಿರಲಿಲ್ಲ. ಮಳೆಗಾಲದಲ್ಲೂ ತಪ್ಪಿರಲಿಲ್ಲ. ಶಿರೂರಿನ ವರ್ಷವೂ ತಪ್ಪಿರಲಿಲ್ಲ. ವಾರದ ಕಂತಿನ ದಿನ ಮನೆಯಲ್ಲಿ ಗಂಜಿ, ಉಪ್ಪಿನಕಾಯಿ ಮಾತ್ರ ಇರುತ್ತಿದ್ದದ್ದು ಯಾಕೆ ಎಂದು ಆಗ ನೆನಪಾಯಿತು. "ಆಯಿ, ನಿಮ್ ಹೆಸ್ರು ಚೊಲೋ ಇದೆ ಬ್ಯಾಂಕಲ್ಲಿ" ಅಂದೆ. "ಬ್ಯಾಂಕಿಗೆ ನನ್ ಹೆಸ್ರು ಎಂತಕೆ ಗೊತ್ತು?" ಎಂದು ಕೇಳಿದರು. ಅವರಿಗೆ ಅರ್ಥ ಮಾಡಿಸಲು ಹತ್ತು ನಿಮಿಷ ಬೇಕಾಯಿತು. ಅರ್ಥವಾದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು.

ಸೆಪ್ಟೆಂಬರ್ ಕೊನೆಗೆ ಆಯಿಯನ್ನು ಸಹ ಅರ್ಜಿದಾರರಾಗಿ ಹಾಕಿ ಹೊಸ ಅರ್ಜಿ ಕೊಟ್ಟೆ. ಈ ಸಲ ಬೇರೆ ಬ್ಯಾಂಕು. ಅಲ್ಲಿನ ಅಧಿಕಾರಿ ಹೆಂಗಸು. ಒಂದೊಂದು ಕಾಗದವನ್ನೂ ನೋಡಿ, ಕಡಿಮೆ ಇದ್ದದ್ದನ್ನು ಒಂದೇ ಸಲಕ್ಕೆ ಚೀಟಿಯಲ್ಲಿ ಬರೆದು ಕೊಟ್ಟರು. ಆ ಚೀಟಿ ನಾನು ಇನ್ನೂ ಇಟ್ಟುಕೊಂಡಿದ್ದೇನೆ. ನ್ಯಾಕ್ ಪತ್ರ ಕೇಳಿದ್ದೂ ಅವರೇ. ಕುಟುಂಬದ ವರ್ಷದ ಆದಾಯ 4.5 ಲಕ್ಷದ ಒಳಗಿದ್ದು, ಮಾನ್ಯತೆ ಇರುವ ಕಡೆ ವೃತ್ತಿಪರ ಕೋರ್ಸ್ ಓದುತ್ತಿದ್ದರೆ, ಓದುವ ಕಾಲ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟುವ ಯೋಜನೆ ಇದೆ. ಇದು ತಾನಾಗಿ ಬರುವುದಿಲ್ಲ, ಬ್ಯಾಂಕಿನವರು ನಮ್ಮ ಹೆಸರು ಸೇರಿಸಬೇಕು, ನಾವು ಆದಾಯ ಪ್ರಮಾಣಪತ್ರ ಕೊಟ್ಟು ಕೇಳಬೇಕು. ಮೊದಲ ಬ್ಯಾಂಕಿನಲ್ಲಿ ಇದರ ಹೆಸರೂ ಎತ್ತಿರಲಿಲ್ಲ. ಹಲವು ಬ್ಯಾಂಕುಗಳಲ್ಲಿ ಹೆಣ್ಣುಮಕ್ಕಳಿಗೆ ಬಡ್ಡಿಯಲ್ಲಿ ಅರ್ಧ ಪರ್ಸೆಂಟ್ ರಿಯಾಯಿತಿಯೂ ಇದೆ. ಅದನ್ನೂ ಕೇಳಿ ಹಾಕಿಸಿಕೊಳ್ಳಿ. ನಾವು ಮೊದಲೇ ಕಟ್ಟಿದ ಫೀ ರಸೀದಿ ತೋರಿಸಿದರೆ ಆ ಹಣ ವಾಪಸ್ ಕೊಡುತ್ತೀರಾ ಎಂದು ಕೇಳಿದೆ. ಆಗುತ್ತದೆ, ಆದರೆ ಕಟ್ಟಿ ಜಾಸ್ತಿ ದಿನ ಆಗಿರಬಾರದು ಎಂದರು. ಎಲ್ಲ ಕಡೆ ಒಪ್ಪುತ್ತಾರೆ ಎಂದುಕೊಳ್ಳಬೇಡಿ, ಅರ್ಜಿ ಕೊಡುವ ದಿನವೇ ಕೇಳಿ.

ಹತ್ತೊಂಬತ್ತು ದಿನಕ್ಕೆ ಮಂಜೂರಾಯಿತು. ಸಹಿ ಹಾಕುವ ದಿನ ಆಯಿ ಹಬ್ಬದ ಸೀರೆ ಉಟ್ಟಿದ್ದರು. ತಂಗಿಯೂ ಹುಬ್ಬಳ್ಳಿಯಿಂದ ಬಂದಿದ್ದಳು. ಪುಟಗಳು ಬಹಳ. ಆಯಿ ಪ್ರತಿ ಪುಟಕ್ಕೂ ನಿಧಾನಕ್ಕೆ ಹೆಸರು ಬರೆದರು. ನಡುವೆ ನಿಲ್ಲಿಸಿ ಅಧಿಕಾರಿಯನ್ನು ಕೇಳಿದರು, "ತಿಂಗ್ಳಿಗೆ ಎಷ್ಟು ಕಟ್ಟುದಾಗ್ತದೆ?" ಓದು ಮುಗಿದು ಒಂದು ವರ್ಷದ ಮೇಲೆ ಕಂತು ಶುರು. ಹತ್ತು ವರ್ಷಕ್ಕೆ ಹಾಕಿದರೆ ತಿಂಗಳಿಗೆ ಸುಮಾರು 5,200. ಹದಿನೈದು ವರ್ಷದವರೆಗೂ ಮಾಡಬಹುದು, ಆಗ 4,200ರ ಹತ್ತಿರ ಬರುತ್ತದೆ, ಆದರೆ ಒಟ್ಟು ಬಡ್ಡಿ ಜಾಸ್ತಿ. ಆಯಿ ಮನಸ್ಸಿನಲ್ಲೇ ಲೆಕ್ಕ ಹಾಕಿದರು. "ಹತ್ತು" ಎಂದರು. ತಂಗಿ ತಲೆ ತಗ್ಗಿಸಿದಳು. ಹದಿನೆಂಟಕ್ಕೇ ನಾಲ್ಕು ಲಕ್ಷದ ಸಾಲ ತಲೆ ಮೇಲೆ ಹೊತ್ತು ತರಗತಿಗೆ ಹೋಗುವುದು ಅಂದರೆ ಏನು ಎಂದು ಯೋಚಿಸಿದರೆ ನನಗೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಅವಳು ಫೇಲಾಗುವಂತಿಲ್ಲ, ಕೋರ್ಸು ಬದಲಿಸುವಂತಿಲ್ಲ, ಒಂದು ವರ್ಷ ಸುಮ್ನೆ ಕೂರುವಂತಿಲ್ಲ. ಉಳಿದ ಮಕ್ಕಳಿಗೆ ಇರುವ ಆ ಸಡಿಲ ಅವಳಿಗಿಲ್ಲ. ಹಣವೂ ಒಂದೇ ಸಲ ಬರುವುದಿಲ್ಲ. ಪ್ರತಿ ವರ್ಷ ಅಂಕಪಟ್ಟಿ, ಫೀ ಚೀಟಿ ಕೊಟ್ಟ ಮೇಲೆ ಮುಂದಿನ ಕಂತು.

ವಸತಿಗೆ ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್‌ಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದ್ದೆವು. ಪಟ್ಟಿ ತಡವಾಗಿ ಬಂತು. ಎರಡು ತಿಂಗಳು ಪಿಜಿಯಲ್ಲಿ ಇಟ್ಟೆವು, 12 ಸಾವಿರ ಹೋಯಿತು. ಆಯಿಯ ಗೃಹಲಕ್ಷ್ಮಿ ಹಣವೂ ನನ್ನ ಒಂದು ಸಂಬಳವೂ ಅದಕ್ಕೇ ಆಯಿತು. ಈಗ ಹಾಸ್ಟೆಲ್ ಸಿಕ್ಕಿದೆ, ಊಟ ವಸತಿ ಉಚಿತ. ಹಾಸ್ಟೆಲ್ ಸಿಗದವರಿಗೆ ರಾಜ್ಯ ಸರ್ಕಾರದ ವಿದ್ಯಾಸಿರಿ ಯೋಜನೆಯಲ್ಲಿ ಊಟ ವಸತಿಗೆಂದು ಹತ್ತು ತಿಂಗಳು ಹಣ ಕೊಡುತ್ತಾರೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಸ್ಕಾಲರ್‌ಶಿಪ್ ಹಣ ಬರುವ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಎಂದು ಮೊದಲೇ ನೋಡಿ, ಇಲ್ಲದಿದ್ದರೆ ಮಂಜೂರಾದರೂ ಬರುವುದಿಲ್ಲ. ಇನ್ನೊಂದು ನಾವು ತಪ್ಪಿಸಿಕೊಂಡದ್ದು. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ಅರಿವು ಸಾಲ. ಸಿಇಟಿ ಮೂಲಕ ಸೇರಿದವರಿಗೆ ವರ್ಷಕ್ಕೆ 1 ಲಕ್ಷದವರೆಗೆ, ಶೇಕಡ 2ರ ಬಡ್ಡಿಗೆ. ನಮಗೆ ಗೊತ್ತಾಗುವಷ್ಟರಲ್ಲಿ ಅರ್ಜಿಯ ದಿನ ಮುಗಿದಿತ್ತು. ಬ್ಯಾಂಕಿಗೆ ಹೋಗುವ ಮೊದಲು ಅದನ್ನು ವಿಚಾರಿಸಿ. ಬಡ್ಡಿಯ ವ್ಯತ್ಯಾಸ ಸಣ್ಣದಲ್ಲ.

ಒಟ್ಟು ನಮ್ಮ ಕೈಯಿಂದ ಹೋದದ್ದು ಪಿಜಿಗೆ 12 ಸಾವಿರ, ಬಳೆಯ ಬಡ್ಡಿ ಮೂರು ತಿಂಗಳಿಗೆ 2,850, ಜೆರಾಕ್ಸ್, ಅಫಿಡವಿಟ್, ಸ್ಟಾಂಪ್ ಪೇಪರ್, ಅಪ್ಪನ ಬಸ್ ಚಾರ್ಜು, ಹೊರಗಿನ ಚಹಾ ತಿಂಡಿ ಎಲ್ಲ ಸೇರಿ ಐದು ಸಾವಿರದ ಹತ್ತಿರ. ನಾನು ಹದಿನಾಲ್ಕು ದಿನ ರಜೆ ಹಾಕಿದೆ, ಅದರಲ್ಲಿ ಎಂಟು ದಿನದ ಸಂಬಳ ಕಡಿತ. ರಜೆ ಕೊಡದ ಕಡೆ ಕೆಲಸ ಮಾಡುವವರು ಇದನ್ನೆಲ್ಲ ಹೇಗೆ ಮಾಡುತ್ತಾರೆ ಎಂದು ಯೋಚನೆ ಆಗುತ್ತದೆ.

ಹಣ ಬಂದ ಮಾರನೇ ದಿನ ಸೊಸೈಟಿಗೆ ಹೋಗಿ ಬಳೆ ಬಿಡಿಸಿಕೊಂಡು ಬಂದೆವು. ಸಂಜೆ ಕಾಗದಗಳನ್ನೆಲ್ಲ ಒಂದು ಫೈಲಿಗೆ ಹಾಕುತ್ತಿದ್ದೆ. ಅಪ್ಪ ಹತ್ತಿರ ಬಂದು ಕೂತರು. ಒಂದೊಂದೇ ಕಾಗದ ತೆಗೆದು ಇದು ಎಂತ, ಇದು ಎಂತ ಎಂದು ಕೇಳಿದರು. ಹೇಳಿದೆ. ಆಮೇಲೆ ಫೈಲಿನ ಕಡೆಯೇ ನೋಡುತ್ತಾ ಕೇಳಿದರು. "ನಿನ್ನ ಆ ನರ್ಸಿಂಗಿಗೆ ಎಷ್ಟಾಗ್ತಿತ್ತು ಮಗಾ?"

ಅವರಿಗೆ ಗೊತ್ತಿದೆ ಎಂದು ನನಗೆ ಗೊತ್ತಿರಲಿಲ್ಲ. "ವರ್ಷಕ್ಕೆ ಅರವತ್ತು ಸಾವಿರ ಅಂದಿದ್ರು" ಎಂದೆ.

"ಅದ್ಕೂ ಈ ಸಾಲ ಸಿಕ್ತಿತ್ತಾ?"

"ಸಿಕ್ತಿತ್ತು, ಅಪ್ಪ."

ಅವರು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಬಳೆ ಇದ್ದ ಪೊಟ್ಟಣವನ್ನು ತೆಗೆದು ನನ್ನ ಮಡಿಲಲ್ಲಿಟ್ಟು, ಬೆಳಗಿನ ಜಾವದ ಗಾಡಿಗೆ ಹೊರಡಬೇಕು ಎಂದು ಮಲಗಲು ಹೋದರು.